ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸ್ವಂತ ಮೊಬೈಲ್ ಜಾಲ ಕಟ್ಟುತ್ತಾ ಕಲಿತದ್ದು

ಒಂದು ಲ್ಯಾಪ್‌ಟಾಪ್, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ರೇಡಿಯೋ ಬೋರ್ಡ್, ಅಲೆ ಹೊರಗೆ ಸೋರದಂತೆ ಮಾಡಿದ ಒಂದು ಲೋಹದ ಪೆಟ್ಟಿಗೆ, ನಾಲ್ಕು ಹಳೆಯ ಫೋನು. ಇಷ್ಟು ಸಾಮಾನಿದ್ದರೆ ಮೇಜಿನ ಮೇಲೆ ಒಂದು ಮೊಬೈಲ್ ಜಾಲ ಎದ್ದು ನಿಲ್ಲುತ್ತದೆ. ಸಿಮ್ ನಮ್ಮದೇ, ನಂಬರ್ ನಮ್ಮದೇ, ಬಿಲ್ ಇಲ್ಲ. ಇದು ಸಾಧ್ಯ ಎಂದು ಜಗತ್ತಿಗೆ ಗೊತ್ತಾದದ್ದು 2008ರಲ್ಲಿ. ಆ ವರ್ಷ ಅಮೆರಿಕದ ನೆವಾಡಾ ಮರುಭೂಮಿಯ ಬರ್ನಿಂಗ್ ಮ್ಯಾನ್ ಉತ್ಸವದಲ್ಲಿ ಡೇವಿಡ್ ಬರ್ಜೆಸ್ ಮತ್ತು ಹರ್ವಿಂದ್ ಸಮ್ರಾ ತಮ್ಮ ಓಪನ್‌ಬಿಟಿಎಸ್ ತಂತ್ರಾಂಶವನ್ನು ಪರೀಕ್ಷೆಗೆ ಒಡ್ಡಿದರು. ಅದೇ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ ಹರಾಲ್ಡ್ ವೆಲ್ಟೆ ಮತ್ತು ಡೀಟರ್ ಸ್ಪಾರ್ ಹಳೆಯ ಸೀಮೆನ್ಸ್ ಬೇಸ್ ಸ್ಟೇಷನ್ನಿಗೆ ಸ್ವಂತ ತಂತ್ರಾಂಶ ಜೋಡಿಸಿ ಜಿಎಸ್‌ಎಂ ಜಾಲ ನಡೆಸಿ ತೋರಿಸಿದರು. ಆ ಕೆಲಸ ಬೆಳೆದು ಇವತ್ತಿನ ಆಸ್ಮೋಕಾಮ್ ಆಗಿದೆ. 4ಜಿಗೆ ಐರ್ಲೆಂಡಿನ ಎಸ್‌ಆರ್‌ಎಸ್‌ಎಲ್‌ಟಿಇ ಬಂತು, 2021ರಲ್ಲಿ ಅದರ ಹೆಸರು ಎಸ್‌ಆರ್‌ಎಸ್‌ರ‍್ಯಾನ್ ಎಂದಾಯಿತು. ಫ್ರಾನ್ಸಿನಿಂದ ಓಪನ್‌ಏರ್‌ಇಂಟರ್‌ಫೇಸ್ ಬಂತು. ಚಂದಾದಾರರ ಲೆಕ್ಕ ನೋಡಿಕೊಳ್ಳುವ ಒಳಗಿನ ಜಾಲಕ್ಕೆ ಓಪನ್5ಜಿಎಸ್ ಇದೆ. ಎಲ್ಲದರ ಕೋಡೂ ಯಾರು ಬೇಕಾದರೂ ಓದಬಹುದಾದದ್ದು.

ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಇವನ್ನೆಲ್ಲ ಜೋಡಿಸುವುದು, ಕೆಟ್ಟರೆ ಸರಿಮಾಡುವುದು ನನ್ನ ಹೊಟ್ಟೆಪಾಡು. 'ಸ್ಟ್ಯಾಕ್' ಎನ್ನುತ್ತಾರೆ ಇದನ್ನು, ಒಂದರ ಮೇಲೊಂದು ಪದರ. ಕೆಳಗೆ ರೇಡಿಯೋ, ಮೇಲೆ ಬಿಟ್ ಹೊಂದಿಸುವ ಪದರ, ಅದರ ಮೇಲೆ ಫೋನಿನ ಜತೆ ಮಾತುಕತೆಯ ಪದರ, ತುದಿಯಲ್ಲಿ ಯಾರು ಎಲ್ಲಿದ್ದಾರೆ ಎಂದು ಬರೆದಿಡುವ ಪದರ. ನಮ್ಮ ಮಲೆನಾಡಿನ ಹಂಚಿನ ಮನೆ ಸೋರಿದ ಹಾಗೆ ಇದರ ಕಥೆ. ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ, ಒಡೆದ ಹಂಚು ಇರುವುದು ಅಡುಗೆಮನೆಯ ಮೇಲೆ, ನೀರು ಪಕಾಸಿಯ ಗುಂಟ ಹರಿದು ಬಂದಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸವನ್ನು ನಾನು ಎಷ್ಟು ಸಲ ಮಾಡಿದ್ದೇನೆ ಎಂಬುದರ ಪಟ್ಟಿಯೇ ಈ ಬರಹ.

1. ಮೊದಲು ಗಡಿಯಾರ, ಆಮೇಲೆ ಕೋಡ್

ನನ್ನ ಮೊದಲ ಜಿಎಸ್‌ಎಂ ಜಾಲ ಎದ್ದ ದಿನ ಒಂದು ಹಳೆಯ ಬಟನ್ ಫೋನ್ ತಕ್ಷಣ ಅದನ್ನು ಹಿಡಿಯಿತು. ನನ್ನ ಜೇಬಿನ ಫೋನನ್ನು ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೆ ಜಾಲವೇ ಕಾಣಲಿಲ್ಲ. ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣುತ್ತಿಲ್ಲ ಎಂದರೆ ಸಂದೇಶದ ರಚನೆಯಲ್ಲೇ ಏನೋ ತಪ್ಪಿದೆ ಎಂದು ತೀರ್ಮಾನಿಸಿ ಮೂರು ದಿನ ಕೋಡ್ ಓದಿದೆ. ಗೆರೆ ಗೆರೆಗೂ ಗುಮಾನಿ. ನಾಲ್ಕನೆಯ ದಿನ ಬೇಸತ್ತು, ಟಿವಿ ನೋಡಲು ಮಾರುವ ಅಗ್ಗದ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಅಲೆಯ ಆವರ್ತನ ಅಳೆದೆ. ಡಾಂಗಲ್ಲಿಗೂ ತನ್ನದೇ ತಪ್ಪು ಇರುತ್ತದೆ, ಹಾಗಾಗಿ ಮೊದಲು ಊರಿನ ವಾಣಿಜ್ಯ ಟವರನ್ನು ಅಳೆಯಬೇಕು, ಆಮೇಲೆ ನಮ್ಮದನ್ನು. ಎರಡರ ವ್ಯತ್ಯಾಸವೇ ನಮ್ಮ ತಪ್ಪು. ಅದು ಸಾವಿರದ ಆರುನೂರು ಹರ್ಟ್ಜ್‌ನ ಆಸುಪಾಸಿನಲ್ಲಿತ್ತು.

ಲೆಕ್ಕ ಸುಲಭ. ಇಂಥ ಬೋರ್ಡಿಗೆ ಗಡಿಯಾರವಾಗಿರುವ ಸ್ಫಟಿಕದ ನಿಖರತೆ ಹತ್ತು ಲಕ್ಷಕ್ಕೆ ಎರಡು ಭಾಗ. 900 ಮೆಗಾಹರ್ಟ್ಜ್‌ನಲ್ಲಿ ಅದು 1,800 ಹರ್ಟ್ಜ್ ತನಕ ಆಚೀಚೆ ಆಗಬಹುದು. ಜಿಎಸ್‌ಎಂ ನಿಯಮ ದೊಡ್ಡ ಬೇಸ್ ಸ್ಟೇಷನ್ನಿಗೆ ಬಿಡುವುದು ಹತ್ತು ಲಕ್ಷಕ್ಕೆ 0.05 ಭಾಗ, ಅಂದರೆ 45 ಹರ್ಟ್ಜ್. ಊರಿನ ಟವರಿಗೆ ಹೊಂದಿಕೊಂಡು ಬಂದ ಫೋನ್ ತನ್ನ ಲೆಕ್ಕವೇ ಸರಿ ಎಂದು ನಂಬಿ, ಅಷ್ಟರ ಆಸುಪಾಸಿನಲ್ಲೇ ಹುಡುಕುತ್ತದೆ. ಬಹಳ ದಿನ ಆಫ್ ಆಗಿ ಬಿದ್ದಿದ್ದ ಬಟನ್ ಫೋನಿಗೆ ಅಂಥ ಖಾತ್ರಿ ಏನೂ ಇರಲಿಲ್ಲ, ಅಗಲವಾಗಿ ಹುಡುಕಿತು, ಸಿಕ್ಕಿತು. ಕೋಡಿನಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ.

ಜಿಪಿಎಸ್‌ನಿಂದ ಸಮಯ ಹಿಡಿದು ಸ್ಫಟಿಕವನ್ನು ತಿದ್ದುವ ಸಾಧನ ಹಾಕಿಸಿದೆವು. ಅದರ ಆಂಟೆನಾ ತಾರಸಿಗೆ ಹೋಯಿತು. ಜೂನ್ ಎರಡನೆಯ ವಾರ ಮತ್ತೆ ಫೋನುಗಳು ಕಳಚತೊಡಗಿದವು. ಈ ಸಲ ಒಂದೇ ದಿನ ಹಾಳಾಯಿತು: ತಾರಸಿಗೆ ಹತ್ತಿ ಕನೆಕ್ಟರ್ ಬಿಚ್ಚಿದರೆ ಒಳಗೆ ಮಳೆನೀರು. ಟೇಪ್ ಸುತ್ತಿದ್ದು ಮೇಲಿನಿಂದ ಕೆಳಕ್ಕೆ, ಸುತ್ತಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಮಾಡು ಹೊದಿಸುವವರು ಕೆಳಗಿನ ಸಾಲಿನಿಂದಲೇ ಯಾಕೆ ಹಂಚು ಕೂರಿಸುತ್ತಾರೆ ಎಂಬುದು ಗೊತ್ತಿದ್ದ ಊರಿನಿಂದ ಬಂದವನು ನಾನು!

ಬಿಸಿಯೂ ಗಡಿಯಾರದ ಶತ್ರು. ಬೆಳಗ್ಗೆ ಸ್ವಿಚ್ ಹಾಕಿದಾಗ ಅಳೆದ ಸಂಖ್ಯೆಗೂ ಬೋರ್ಡ್ ಅರ್ಧ ಗಂಟೆ ಕಾದ ಮೇಲೆ ಸಿಗುವ ಸಂಖ್ಯೆಗೂ ಹೊಂದಿಕೆ ಇರುವುದಿಲ್ಲ. ಕಾದ ಮೇಲಿನದನ್ನೇ ನಂಬಿ. 1986ರಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ನಿಂತಾಗ, ಅದರ ಹೆಗ್ಗಳಿಕೆ ಎಸಿ ಇಲ್ಲದೆ ನಡೆಯುತ್ತದೆ ಎಂಬುದೇ ಆಗಿತ್ತು. ಅದು ಎಷ್ಟು ದೊಡ್ಡ ಕೆಲಸ ಎಂಬುದು ಒಂದು ಏಪ್ರಿಲ್ ತಿಂಗಳು ಫ್ಯಾನ್ ಕೆಟ್ಟ ಕೋಣೆಯಲ್ಲಿ ಬೋರ್ಡ್ ಓಡಿಸಿದ ಮೇಲೆ ನನಗೆ ಅರ್ಥವಾಯಿತು.

2. ಅಲೆಯನ್ನು ಗಾಳಿಗೆ ಬಿಡಬೇಡಿ

ಪರವಾನಗಿ ಇಲ್ಲದೆ ಮೊಬೈಲ್ ಆವರ್ತನದಲ್ಲಿ ಪ್ರಸಾರ ಮಾಡುವುದು ಅಪರಾಧ. ಪ್ರಯೋಗಕ್ಕೆಂದೇ ಕೊಡುವ ಪರವಾನಗಿ ಇದೆ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಪಡೆಯಬೇಕು. ಕಾನೂನಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಇನ್ನೊಂದು ಸಂಗತಿ. ನಿಮ್ಮ ಮೇಜಿನ ಜಾಲ ಪಕ್ಕದ ಮನೆಯವರ ಫೋನಿಗೆ ಜೋರಾಗಿ ಕೇಳಿಸಿದರೆ ಆ ಫೋನ್ ಇತ್ತ ವಾಲಬಹುದು. ಆ ಹೊತ್ತಿನಲ್ಲಿ ಅವರು 112ಕ್ಕೆ ಕರೆ ಮಾಡಿದರೆ? ಆ ಕರೆ ಬಂದು ಬೀಳುವುದು ನಿಮ್ಮ ಲ್ಯಾಪ್‌ಟಾಪಿನ ಲಾಗ್‌ನಲ್ಲಿ. ಆಂಬುಲೆನ್ಸ್ ಬರುವುದಿಲ್ಲ.

ಆದ್ದರಿಂದ ಗಾಳಿಯ ಬದಲು ಕೇಬಲ್ಲು, ಜತೆಗೆ ಅಲೆಯ ಬಲ ತಗ್ಗಿಸುವ ಅಟೆನ್ಯುಯೇಟರ್. ಬಿ210ರಂಥ ರೇಡಿಯೋ ಬೋರ್ಡಿನ ಕಿವಿಗೆ, ಅಂದರೆ ಅಲೆ ಹಿಡಿಯುವ ತೂತಿಗೆ, ಮೈನಸ್ 15 ಡಿಬಿಎಂಗಿಂತ ಹೆಚ್ಚು ಹೋಗಬಾರದು, ಅಲೆ ಕಳಿಸುವ ಬಾಯಿಂದ 10 ಡಿಬಿಎಂಗೂ ಹೆಚ್ಚು ಬರುತ್ತದೆ. ಬಾಯಿಯನ್ನು ನೇರ ಕಿವಿಗೆ ಜೋಡಿಸಿದರೆ ಬೋರ್ಡ್ ಕಿವುಡಾಗುತ್ತದೆ, ಶಾಶ್ವತವಾಗಿ. ಮಧ್ಯೆ 30 ಡಿಬಿಯ ಅಟೆನ್ಯುಯೇಟರ್ ಇರಲೇಬೇಕು. ನಾನು ಎರಡು ಹಾಕುತ್ತೇನೆ, ಒಂದನ್ನು ಯಾರಾದರೂ ಬಿಚ್ಚಿಕೊಂಡು ಹೋಗುತ್ತಾರೆ ಎಂಬ ಅನುಭವದಿಂದ.

ಊರಿನಲ್ಲಿ ಅಮ್ಮನಿಗೆ ನೆಟ್‌ವರ್ಕ್ ಸಿಗುವುದು ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ. ನನ್ನ ಕೆಲಸ ಏನೆಂದು ಒಮ್ಮೆ ವಿವರಿಸಿದೆ. "ಹಂಗಾರೆ ಅಲ್ಲಿ ಡಬ್ಬಿ ಒಳಗೆ ಟವರ್ ಕಟ್ಟೋ ಬದಲು ಇಲ್ಲಿ ಗುಡ್ಡದ ಮೇಲೆ ಒಂದು ಕಟ್ಟೋ ಮಾರಾಯ" ಎಂದಳು. ಅವಳು ಕೇಳಿದ್ದು ಆಗದ ಕೆಲಸವೇನಲ್ಲ. ಮೆಕ್ಸಿಕೋದ ವಾಹಾಕಾ ಬೆಟ್ಟಸೀಮೆಯ ತಲೇಯಾ ದೆ ಕಾಸ್ತ್ರೋ ಎಂಬ ಹಳ್ಳಿಯವರು ರೈಜೋಮ್ಯಾಟಿಕಾ ಎಂಬ ಸಂಘಟನೆಯ ನೆರವಿನಿಂದ 2013ರಲ್ಲಿ ಇಂಥ ಮುಕ್ತ ತಂತ್ರಾಂಶದಿಂದಲೇ ಊರಿನ ಜಾಲ ಕಟ್ಟಿಕೊಂಡರು. ಅಲ್ಲಿನ ಮೂಲನಿವಾಸಿ ಸಮುದಾಯಗಳ ಜಾಲಕ್ಕೆ ಸರಕಾರ 2016ರಲ್ಲಿ ಪ್ರತ್ಯೇಕ ಪರವಾನಗಿಯನ್ನೂ ಕೊಟ್ಟಿತು. ಅಮ್ಮನಿಗೆ ಇದನ್ನು ಹೇಳಿದರೆ ಅವಳ ಬೇಡಿಕೆ ಇನ್ನೂ ಗಟ್ಟಿಯಾಗುತ್ತದೆಂದು ಹೇಳಿಲ್ಲ.

3. ಓ, ಯು, ಎಲ್

ರೇಡಿಯೋ ಬೋರ್ಡ್ ಕಷ್ಟದಲ್ಲಿದ್ದಾಗ ಪರದೆಯ ಮೇಲೆ ಒಂಟಿ ಅಕ್ಷರಗಳು ಬೀಳುತ್ತವೆ. 'ಓ' ಬಿದ್ದರೆ ಬೋರ್ಡ್ ಕೊಟ್ಟದ್ದನ್ನು ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಿಲ್ಲ. 'ಯು' ಬಿದ್ದರೆ ಬೋರ್ಡಿಗೆ ಕಳಿಸಲು ಮಾಲು ಸಾಲಲಿಲ್ಲ. 'ಎಲ್' ಬಿದ್ದರೆ ಮಾಲು ಬಂತು, ಆದರೆ ಹೊತ್ತು ಮೀರಿ ಬಂತು. ಹೊಸಬರು ಇವನ್ನು ಕಸವೆಂದು ಬಿಡುತ್ತಾರೆ. ನಾನಂತೂ ಮೊದಲು ನೋಡುವುದೇ ಇವನ್ನು.

20 ಮೆಗಾಹರ್ಟ್ಜ್ ಅಗಲದ 4ಜಿ ಜಾಲಕ್ಕೆ ಸೆಕೆಂಡಿಗೆ 3.072 ಕೋಟಿ ಮಾದರಿಗಳು ಬೇಕು. ಒಂದೊಂದಕ್ಕೆ ನಾಲ್ಕು ಬೈಟ್ ಎಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 123 ಮೆಗಾಬೈಟ್. ಹಳೆಯ ಯುಎಸ್‌ಬಿ 2 ಕಾಗದದ ಮೇಲೆ ಕೊಡುವುದೇ 60. ಹಾಗಾಗಿ ಬೋರ್ಡನ್ನು ಯಾವ ತೂತಿಗೆ ಚುಚ್ಚಿದ್ದೀರಿ ಎಂಬುದೇ ಮೊದಲ ಪ್ರಶ್ನೆ. ಹೊತ್ತಿನ ವಿಚಾರ ಇನ್ನೂ ಕಠಿಣ. ಫೋನ್ ಕಳಿಸಿದ ತುಂಡು ಸರಿಯಾಗಿ ತಲುಪಿತೇ ಇಲ್ಲವೇ ಎಂಬ ಉತ್ತರವನ್ನು ಬೇಸ್ ಸ್ಟೇಷನ್ ನಾಲ್ಕು ಮಿಲಿಸೆಕೆಂಡಿಗೆ ಸರಿಯಾಗಿ ಕೊಡಬೇಕು. ಐದಕ್ಕೆ ಕೊಟ್ಟ ಉತ್ತರ ಮದುವೆ ಮುಗಿದ ಮೇಲೆ ಬಂದ ವಾಲಗದವರ ಹಾಗೆ.

ನಮ್ಮಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಒಂದು ವಾರ ತಲೆ ಕೆಡಿಸಿಕೊಂಡ. "ಸರ್, ಬೆಳಗ್ಗೆಯೆಲ್ಲ ಚೆನ್ನಾಗಿರುತ್ತೆ, ಮಧ್ಯಾಹ್ನ ಯಾವಾಗಲೋ ಒಂದು ಹತ್ತು ನಿಮಿಷ ಸಾಲು ಸಾಲು ಎಲ್ ಬೀಳುತ್ತೆ, ಆಮೇಲೆ ತಾನೇ ಸರಿಹೋಗುತ್ತೆ" ಎಂದ. ಯಾವ ಕೋಡ್ ಊಟದ ಹೊತ್ತು ನೋಡಿ ಕೆಡುತ್ತದೆ? ಅವನಿಗೆ ಒಂದೇ ಕೆಲಸ ಕೊಟ್ಟೆ: ಕೆಟ್ಟ ಹೊತ್ತನ್ನು ಪುಸ್ತಕದಲ್ಲಿ ಬರೆದಿಡು. ನಾಲ್ಕು ದಿನದ ಪಟ್ಟಿ ಹಿಡಿದು ಬಂದ. ಕೆಳಗಿನ ಕಾವಲುಗಾರರ ಬಳಿ ಜನರೇಟರ್ ಹಾಕಿದ ಹೊತ್ತಿನ ಪುಸ್ತಕ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆ. ಕರೆಂಟ್ ಹೋದಾಗ ರೇಡಿಯೋ ಬೋರ್ಡ್ ಯುಪಿಎಸ್‌ನಲ್ಲಿ ಓಡುತ್ತಿತ್ತು, ಲ್ಯಾಪ್‌ಟಾಪಿನ ಪ್ಲಗ್ ಮಾತ್ರ ಜನರೇಟರ್ ತಲುಪದ ಗೋಡೆಯ ಸಾಕೆಟ್ಟಿಗೆ ನೇರ ಇತ್ತು. ಅದು ಬ್ಯಾಟರಿಗೆ ಇಳಿದ ಕೂಡಲೇ ವಿದ್ಯುತ್ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತಿತ್ತು. ಆ ಪ್ಲಗ್ಗನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದ್ದೇ ದುರಸ್ತಿ. ಅಂದಿನಿಂದ ಪ್ರೊಸೆಸರ್ ಸದಾ ಪೂರ್ತಿ ವೇಗದಲ್ಲಿ ಇರುವಂತೆ ಕಟ್ಟಿಹಾಕುವುದು ನಮ್ಮಲ್ಲಿ ಮೊದಲ ಆಜ್ಞೆ.

4. ಸೊನ್ನೆಗೂ ಬೆಲೆ ಇದೆ

ಪ್ರತಿ ಜಾಲಕ್ಕೂ ಒಂದು ದೇಶದ ಸಂಖ್ಯೆ, ಒಂದು ಕಂಪನಿಯ ಸಂಖ್ಯೆ. ಪರೀಕ್ಷೆಗೆಂದು ಬಿಟ್ಟಿರುವುದು 001 ಮತ್ತು 01. ಸೆಟ್ಟಿಂಗ್ ಕಡತದಲ್ಲಿ ಕಂಪನಿಯ ಈ 01 ಅನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಓದುವ ಪ್ರೋಗ್ರಾಂ ಅದನ್ನು ಬರೀ 1 ಎಂದು ತಿಳಿದುಕೊಳ್ಳಬಹುದು. ಆಮೇಲೆ ನಾನು ಬರೆದ ಪ್ರೋಗ್ರಾಂ ಆ 1ಕ್ಕೆ ಎದುರು ಎರಡು ಸೊನ್ನೆ ಸೇರಿಸಿ 001 ಮಾಡಿತು. 01 ಬೇರೆ, 001 ಬೇರೆ. ದೇಶದ ಸಂಖ್ಯೆಯ ಜತೆ ಸೇರಿ ಗಾಳಿಯಲ್ಲಿ ಹೋಗುವಾಗ ಮೊದಲನೆಯದು '00 ಎಫ್1 10', ಎರಡನೆಯದು '00 11 00'. ಎರಡಂಕಿಯ ಸಂಖ್ಯೆಯಾದರೆ ಖಾಲಿ ಜಾಗಕ್ಕೆ ಎಫ್ ತುಂಬಬೇಕು. ಸಿಮ್ ತನ್ನ ಮನೆ 01 ಎಂದುಕೊಂಡಿದೆ, ಜಾಲ 001 ಎಂದು ಕೂಗುತ್ತಿದೆ. ಫೋನ್ ಇದು ಪರರ ಮನೆ ಎಂದು ಸುಮ್ಮನಿತ್ತು. ಭಾರತದಲ್ಲಿ ಈ ತಪ್ಪು ಇನ್ನೂ ಸುಲಭ, ಯಾಕೆಂದರೆ ನಮ್ಮ ದೇಶದ ಸಂಖ್ಯೆಗಳಲ್ಲೊಂದಾದ 405ರ ಕೆಳಗೆ ಕಂಪನಿಯ ಸಂಖ್ಯೆಗಳು ಎರಡಂಕಿಯವೂ ಇವೆ, ಮೂರಂಕಿಯವೂ ಇವೆ.

5. ಸಿಮ್ ಹೇಳಿದ್ದನ್ನು ಕೇಳಿಸಿಕೊಳ್ಳಿ

ಜಾಲ ಸಿಮ್‌ಗೆ ಒಂದು ಸವಾಲು ಹಾಕುತ್ತದೆ. ಸಿಮ್ ಮೊದಲು ಇದು ನನ್ನ ಗುಟ್ಟು ಬಲ್ಲ ಜಾಲವೇ ಎಂದು ನೋಡುತ್ತದೆ, ಆಮೇಲೆ ಸವಾಲಿನ ಕ್ರಮಸಂಖ್ಯೆ ಹಳೆಯದೇ ಹೊಸದೇ ಎಂದು ನೋಡುತ್ತದೆ. ಗುಟ್ಟು ಹೊಂದದಿದ್ದರೆ ಫೋನ್ ಕೊಡುವ ಕಾರಣ 20, ಕ್ರಮಸಂಖ್ಯೆ ಹೊಂದದಿದ್ದರೆ 21. ಇಷ್ಟೇ ವ್ಯತ್ಯಾಸ, ಆದರೆ ಎರಡರ ಮದ್ದು ಬೇರೆ ಬೇರೆ.

ಒಮ್ಮೆ ನಮ್ಮ ಸರ್ವರಿನ ಡಿಸ್ಕ್ ಕೈಕೊಟ್ಟಿತು, ತಿಂಗಳ ಹಿಂದಿನ ಬ್ಯಾಕಪ್ ಹಾಕಿದೆ. ಒಂದು ಸಿಮ್ಮೂ ಒಳಗೆ ಬರಲೊಪ್ಪಲಿಲ್ಲ. ಕೀಲಿಗಳೇ ಅದಲುಬದಲಾಗಿವೆ ಎಂದು ಕೂತು ಹತ್ತು ಸಿಮ್‌ಗೆ ಹೊಸ ಕೀಲಿ ಬರೆದೆ. ಲಾಗ್‌ನಲ್ಲಿ ಪ್ರತಿ ಸಲವೂ 21 ಎಂದು ಬಿದ್ದಿತ್ತು, ನನ್ನ ಕಣ್ಣು 'ವೈಫಲ್ಯ' ಎಂಬ ಪದದಲ್ಲೇ ನಿಂತಿತ್ತು. ಸರ್ವರಿನ ಕ್ರಮಸಂಖ್ಯೆ ಒಂದು ತಿಂಗಳು ಹಿಂದೆ ಹೋಗಿದೆ, ಸಿಮ್‌ನದು ಮುಂದೆ ಇದೆ. ಇಂಥ ಹೊತ್ತಿಗೆಂದೇ ಸಿಮ್ ತನ್ನ ಸಂಖ್ಯೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ವಾಪಸ್ ಕಳಿಸುತ್ತದೆ, ಸರ್ವರ್ ಅದನ್ನು ಬಿಚ್ಚಿ ತನ್ನ ಲೆಕ್ಕ ಸರಿಮಾಡಿಕೊಳ್ಳಬೇಕು. ಚಂದಾದಾರರ ಪಟ್ಟಿಗೆ ನಾನೇ ಬರೆದಿದ್ದ ಸಣ್ಣ ಪ್ರೋಗ್ರಾಂನಲ್ಲಿ ಲಕೋಟೆ ಬಿಚ್ಚುವ ಭಾಗವೇ ಇರಲಿಲ್ಲ. 'ಆಮೇಲೆ ಬರೆಯೋಣ' ಎಂಬ ಟಿಪ್ಪಣಿ ಇತ್ತು, ನನ್ನದೇ ಇನಿಷಿಯಲ್‌ನೊಂದಿಗೆ.

6. ಪಿಂಗ್ ಓಡುತ್ತದೆ, ಪುಟ ತೆರೆಯುವುದಿಲ್ಲ

ಇದು ಈ ಕಸುಬಿನ ನೆಗಡಿ, ಎಲ್ಲರಿಗೂ ಬಂದೇ ಬರುತ್ತದೆ. ಫೋನಿನ ಪ್ಯಾಕೆಟ್ಟನ್ನು ಬೇಸ್ ಸ್ಟೇಷನ್ ಇನ್ನೊಂದು ಚೀಲದೊಳಗಿಟ್ಟು ಒಳಗಿನ ಜಾಲಕ್ಕೆ ಕಳಿಸುತ್ತದೆ. ಚೀಲದ ತೂಕ 36 ಬೈಟ್: ಐಪಿಗೆ 20, ಯುಡಿಪಿಗೆ 8, ಜಿಟಿಪಿಗೆ 8. ತಂತಿ ಹೊರುವುದು 1,500. ಫೋನ್ ಪೂರ್ತಿ 1,500 ತುಂಬಿ ಕಳಿಸಿದರೆ ಅದು 1,536 ಆಗಿ ಎಲ್ಲೋ ದಾರಿಯಲ್ಲಿ ಬೀಳುತ್ತದೆ. ಸಂಪರ್ಕ ಇದೆಯೇ ಎಂದು ನೋಡಲು ಕಳಿಸುವ ಪಿಂಗ್ ಸಣ್ಣದು, ಸಲೀಸಾಗಿ ನುಗ್ಗುತ್ತದೆ. ಪಿಂಗ್‌ಗೆ 1,472 ಬೈಟ್ ಗಾತ್ರ ಕೊಟ್ಟು ನೋಡಿ, ಆಗ ಬಣ್ಣ ಬಯಲಾಗುತ್ತದೆ. ಫೋನಿಗೆ ಮಿತಿ 1,400 ಎಂದು ಹೇಳಿಬಿಡುವುದು ಮದ್ದು.

7. 'ನಮಸ್ಕಾರ' ಕಳಿಸಿ ನೋಡಿ

ಇದು ನನ್ನ ಮೆಚ್ಚಿನ ಬಗ್. ಆಸ್ಮೋಕಾಮ್ ಜಾಲಕ್ಕೆ ಎಸ್‌ಎಂಎಸ್ ತುಂಬಲು ನಾನೊಂದು ಪ್ರೋಗ್ರಾಂ ಬರೆದಿದ್ದೆ. 'ಹಲೋ', 'ಟೆಸ್ಟ್', 'ಟೆಸ್ಟ್ 2' ಎಂದು ಇಂಗ್ಲಿಷಿನಲ್ಲಿ ಸಾವಿರಾರು ಸಂದೇಶ ಓಡಾಡಿದ್ದವು. ಒಂದೂ ಕೆಟ್ಟಿರಲಿಲ್ಲ. ಯುಗಾದಿಯ ಹಿಂದಿನ ಸಂಜೆ ಸುಮ್ಮನೆ ತಮಾಷೆಗೆ ಒಂದು ಫೋನಿಗೆ 'ನಮಸ್ಕಾರ' ಎಂದು ಕಳಿಸಿದೆ. ಬಂದದ್ದು 'ನಮಸ್ಕಾ', ಪಕ್ಕದಲ್ಲೊಂದು ಖಾಲಿ ಚೌಕ.

ಎಲ್ಲರೂ ಫೋನಿನ ಫಾಂಟ್ ಎಂದರು. ನಾನೂ ಹಾಗೇ ಅಂದುಕೊಂಡೆ, ಬೇರೆ ಫೋನ್ ತಂದೆ. ಅದೇ ಚೌಕ. 'ಕನ್ನಡ' ಕಳಿಸಿದರೆ ಕೊನೆಯ 'ಡ' ಹೋಯಿತು. 'ಅಮ್ಮ' ಕಳಿಸಿದರೆ ಪೂರ್ತಿ ಬಂತು! ಇಲ್ಲಿ ನಿಂತು ಯೋಚಿಸಬೇಕಾಯಿತು. ಫಾಂಟ್ ಕೆಟ್ಟಿದ್ದರೆ ಅಕ್ಷರ ನೋಡಿ ಕೆಡಬೇಕು, ಉದ್ದ ನೋಡಿ ಅಲ್ಲ.

ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ತೆರೆದು ಬೈಟ್ ಎಣಿಸಿದೆ. ನಮ್ಮ ಕಣ್ಣಿಗೆ 'ನಮಸ್ಕಾರ' ನಾಲ್ಕು ಅಕ್ಷರ. ಯಂತ್ರಕ್ಕೆ ಏಳು: ನ, ಮ, ಸ, ಹಲಂತ ಚಿಹ್ನೆ, ಕ, ದೀರ್ಘ, ರ. ಒಂದೊಂದಕ್ಕೆ ಎರಡು ಬೈಟ್, ಒಟ್ಟು 14. ಸಂದೇಶದ ತಲೆಯಲ್ಲಿ ಉದ್ದ ಹೇಳುವ ಒಂದು ಬೈಟ್ ಇರುತ್ತದೆ. ಇಂಗ್ಲಿಷ್ ಸಂದೇಶದಲ್ಲಿ ಅಕ್ಷರಕ್ಕೆ ಏಳೇ ಬಿಟ್, ಅಲ್ಲಿ ಆ ಉದ್ದವನ್ನು ಏಳು ಬಿಟ್‌ನ ತುಂಡುಗಳಲ್ಲಿ ಹೇಳಬೇಕು. ಕನ್ನಡದಂಥ ಲಿಪಿಗೆ ಅದೇ ಜಾಗದಲ್ಲಿ ಬೈಟ್‌ಗಳ ಲೆಕ್ಕ ಹೇಳಬೇಕು. ನನ್ನ ಪ್ರೋಗ್ರಾಂ ಎರಡಕ್ಕೂ ಇಂಗ್ಲಿಷಿನ ಲೆಕ್ಕವನ್ನೇ ಹಾಕಿತ್ತು. 14ನ್ನು ಏಳರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 12.25, ಮೇಲಕ್ಕೆ ದುಂಡಗಾಗಿಸಿದರೆ 13. ಹದಿನಾಲ್ಕನೆಯ ಬೈಟ್ ಕತ್ತರಿಗೆ ಸಿಕ್ಕಿತು. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೊದಲ ಬೈಟ್ ಒಂದೇ, ಗುರುತು ಇರುವುದೆಲ್ಲ ಎರಡನೆಯದರಲ್ಲಿ. ಹೋದದ್ದು ಆ ಎರಡನೆಯದೇ. ಉಳಿದದ್ದು ಯಾವ ಅಕ್ಷರವೂ ಅಲ್ಲದ ಅರ್ಧ. 'ಕನ್ನಡ'ಕ್ಕೆ ಹತ್ತು ಬೈಟ್, 8.75 ಎಂದರೆ 9, ಅಲ್ಲೂ ಒಂದು ಹೋಯಿತು. 'ಅಮ್ಮ' ಎಂಟು ಬೈಟ್, ಅದರ ಲೆಕ್ಕಕ್ಕೆ ಏಳು ಬರುತ್ತದೆ, ಅದೂ ಕೆಡಬೇಕಿತ್ತಲ್ಲ? ಕೆಡಲಿಲ್ಲ, ಯಾಕೆಂದರೆ ಹತ್ತಕ್ಕಿಂತ ಚಿಕ್ಕ ಸಂದೇಶಕ್ಕೆ ನಾನೇ ಹಿಂದೆಂದೋ ಬೇರೊಂದು ತೇಪೆ ಹಾಕಿ ಮರೆತಿದ್ದೆ. ಹಳೆಯ ತೇಪೆ ಹೊಸ ತೂತನ್ನು ಮುಚ್ಚಿಟ್ಟಿತ್ತು. ತೇಪೆ ಕಿತ್ತು, ಲೆಕ್ಕ ಸರಿಮಾಡಿದೆ. ಒಟ್ಟು ತಿದ್ದಿದ್ದು ಮೂರು ಸಾಲು.

ಒಂದು ಎಸ್‌ಎಂಎಸ್‌ಗೆ 140 ಬೈಟ್ ಜಾಗ. ಅದಕ್ಕೇ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಚಿಹ್ನೆ, ಉದ್ದದ ಸಂದೇಶ ತುಂಡಾದರೆ ತುಂಡಿಗೆ 67. ನಾವು ಅರ್ಧಕ್ಕಿಂತ ಕಡಿಮೆ ಹೇಳಿ ಅಷ್ಟೇ ದುಡ್ಡು ಕೊಟ್ಟವರು. ಇದಕ್ಕೆ ಪರಿಹಾರವೂ ನಿಯಮದಲ್ಲಿ ಇದೆ ಎಂಬುದು ನನಗೆ ಆ ರಾತ್ರಿಯೇ ಗೊತ್ತಾದದ್ದು. ಮೊಬೈಲ್ ಜಾಲದ ನಿಯಮ ಬರೆಯುವ 3ಜಿಪಿಪಿಯ 23.038 ಎಂಬ ದಾಖಲೆಯಲ್ಲಿ ಹತ್ತು ಭಾರತೀಯ ಭಾಷೆಗಳಿಗೆ ಏಳು ಬಿಟ್‌ನ ಕೋಷ್ಟಕಗಳಿವೆ, ಕನ್ನಡದ ಸಂಖ್ಯೆ 7. ಅದನ್ನು ಬಳಸಿದರೆ ಒಂದೇ ಸಂದೇಶದಲ್ಲಿ 150ಕ್ಕೂ ಹೆಚ್ಚು ಚಿಹ್ನೆ ಹಿಡಿಸುತ್ತದೆ. ನನ್ನ ಕೈಗೆ ಬಂದ ಯಾವ ಫೋನೂ ಇದನ್ನು ತಾನಾಗಿ ಬಳಸಿದ್ದು ನಾನು ಕಂಡಿಲ್ಲ.

8. ಸಂಖ್ಯೆಯ ಪಕ್ಕದ ಏಕಮಾನ ಓದಿ

ನಿಯಮದ ದಾಖಲೆಗಳು ಸಾವಿರಾರು ಪುಟ, ಎಲ್ಲವೂ ಉಚಿತ. ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಬೇಕಾದ ಕೋಷ್ಟಕ ಹುಡುಕಿ, ಅದರ ಅಡಿಟಿಪ್ಪಣಿಯನ್ನು ಎರಡು ಸಲ ಓದಿ. ಫೋನ್ ಎಷ್ಟು ಹೊತ್ತಿಗೊಮ್ಮೆ 'ನಾನಿಲ್ಲೇ ಇದ್ದೇನೆ' ಎನ್ನಬೇಕು ಎಂದು ಹೇಳುವ ಟಿ3212 ಎಂಬ ಟೈಮರ್ ಇದೆ. ಅರ್ಧ ಗಂಟೆ ಸಾಕೆಂದು 30 ತುಂಬಿದೆ. ಅದರ ಏಕಮಾನ ಆರು ನಿಮಿಷ. ಬ್ಯಾಟರಿ ಕಿತ್ತಿಟ್ಟ ಫೋನುಗಳು ಮೂರು ಗಂಟೆ ಕಾಲ ಜಾಲದ ಪಟ್ಟಿಯಲ್ಲಿ ಜೀವಂತವಾಗಿದ್ದವು.

9. ರೇಡಿಯೋ ಇಲ್ಲದೆಯೂ ಕಲಿಯಬಹುದು

ಬೋರ್ಡ್ ಕೊಳ್ಳಲು ದುಡ್ಡಿಲ್ಲ ಎಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹೇಳುತ್ತಿರುತ್ತಾರೆ. ಬೇಕಿಲ್ಲ. ಎಸ್‌ಆರ್‌ಎಸ್‌ರ‍್ಯಾನ್‌ನಲ್ಲಿ ಬೇಸ್ ಸ್ಟೇಷನ್ನನ್ನೂ ತಂತ್ರಾಂಶದ ಫೋನನ್ನೂ ಜೀರೋಎಂಕ್ಯು ಎಂಬ ಸಂದೇಶ ಸಾಗಿಸುವ ತಂತ್ರಾಂಶದ ಮೂಲಕ ಒಂದೇ ಲ್ಯಾಪ್‌ಟಾಪಿನಲ್ಲಿ ಬೆಸೆಯಬಹುದು. ಅಲೆಯ ಬದಲು ಅದೇ ಮಾದರಿಗಳು ಮೆಮೊರಿಯಲ್ಲಿ ಓಡಾಡುತ್ತವೆ. ಆಸ್ಮೋಕಾಮ್‌ನಲ್ಲೂ ಇಂಥ ಕಾಲ್ಪನಿಕ ಅಲೆ ಇದೆ. ಪರವಾನಗಿ ಬೇಡ, ಅಟೆನ್ಯುಯೇಟರ್ ಬೇಡ, ಮಳೆನೀರಿನ ಭಯ ಇಲ್ಲ.

ನನಗೆ ಇದರ ದೊಡ್ಡ ಉಪಯೋಗ ಬೇರೆ. ಯಾವುದೇ ದೋಷ ಕಂಡರೂ ಮೊದಲು ರೇಡಿಯೋ ಕಿತ್ತು ಇದರಲ್ಲಿ ಓಡಿಸುತ್ತೇನೆ. ಇಲ್ಲೂ ಕೆಟ್ಟರೆ ಕೋಡಿನದು. ಇಲ್ಲಿ ಸರಿಯಿದ್ದರೆ ಗಡಿಯಾರ, ಕೇಬಲ್, ಕರೆಂಟ್. ಎತ್ತಾವುದು ಎಮ್ಮೆಯಾವುದು ಎಂದು ತಿಳಿಯಲು ಅರ್ಧ ಗಂಟೆ ಸಾಕು. ಈ ಪಾಠ ಮೊದಲೇ ಗೊತ್ತಿದ್ದರೆ ಮೊದಲ ಪಾಠದ ಮೂರು ದಿನ ಉಳಿಯುತ್ತಿತ್ತು.

10. ಕಳಿಸುವ ಮುನ್ನ ತೊಳೆಯಿರಿ

ಸರಿಮಾಡಿದ ಕೋಡನ್ನು ಮೂಲ ಯೋಜನೆಗೆ ವಾಪಸ್ ಕೊಡಿ, ಇಲ್ಲದಿದ್ದರೆ ಹೊಸ ಆವೃತ್ತಿ ಬಂದಾಗಲೆಲ್ಲ ಅದೇ ಹೊಲಿಗೆ ಮತ್ತೆ ಹಾಕುತ್ತಿರಬೇಕು. ಒಂದು ಪ್ಯಾಚ್‌ಗೆ ಒಂದೇ ವಿಷಯ. ನನ್ನ ಮೊದಲ ಪ್ಯಾಚ್‌ನಲ್ಲಿ ಒಂದು ದುರಸ್ತಿ, ಎರಡು ಹೆಸರು ಬದಲಾವಣೆ, ಹದಿನೇಳು ಕಡೆ ಖಾಲಿ ಜಾಗದ ತಿದ್ದುಪಡಿ ಒಟ್ಟಿಗೆ ಇದ್ದವು. ಪರಿಶೀಲಿಸುವವರು ಬಿಡಿಸಿ ತನ್ನಿ ಎಂದು ಮೂರು ಸಲ ಹಿಂದೆ ಕಳಿಸಿದರು, ಅವರದೇ ಸರಿ.

ಸಾಕ್ಷಿಗೆ ಪ್ಯಾಕೆಟ್ ದಾಖಲೆ ಲಗತ್ತಿಸುವಾಗ ಒಂದು ಎಚ್ಚರ. ಅದರಲ್ಲಿ ಸಿಮ್‌ನ ಗುರುತಿನ ಸಂಖ್ಯೆ ಐಎಂಎಸ್‌ಐ, ಫೋನಿನ ಗುರುತಿನ ಸಂಖ್ಯೆ ಐಎಂಇಐ ಬಿಚ್ಚುಬಿಚ್ಚಾಗಿ ಇರುತ್ತವೆ. ಪೆಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚದ ದಿನ ಹಾದಿಯಲ್ಲಿ ಹೋಗುತ್ತಿದ್ದ ಯಾರದೋ ಫೋನಿನದೂ ಬಿದ್ದಿರಬಹುದು. ಅಳಿಸಿ ಕಳಿಸಿ.

11. ಒಂದೇ ಫೋನನ್ನು ನಂಬಬೇಡಿ

ನಮ್ಮ ಕಪಾಟಿನಲ್ಲಿ ಈಗ 23 ಫೋನುಗಳಿವೆ. ಪ್ರತಿಯೊಂದಕ್ಕೂ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಅದರ ಚಾಳಿ: 'ಗಡಿಯಾರ ತಪ್ಪಿದರೂ ಹಿಡಿಯುತ್ತದೆ', 'ಉದ್ದ ಎಸ್‌ಎಂಎಸ್ ತುಂಡು ಜೋಡಿಸುವುದಿಲ್ಲ', 'ಸಿಮ್ ಬದಲಿಸಿದರೆ ಎರಡು ಸಲ ಆಫ್ ಮಾಡಬೇಕು'. ಒಂದೇ ನಿಯಮವನ್ನು ಒಂದೊಂದು ಚಿಪ್ ತಯಾರಕರು ಒಂದೊಂದು ರೀತಿ ಓದಿಕೊಂಡಿದ್ದಾರೆ. ಮೂರು ಫೋನಿನಲ್ಲಿ ನಡೆದದ್ದು ನಾಲ್ಕನೆಯದರಲ್ಲಿ ಬಿದ್ದರೆ ಆ ನಾಲ್ಕನೆಯದನ್ನು ಬೈಯಬೇಡಿ. ನಿಮ್ಮ ತಪ್ಪು ಹಿಡಿದದ್ದು ಬಹುಶಃ ಅದೊಂದೇ. ಮೊದಲ ಪಾಠದ ಆ ಬಟನ್ ಫೋನ್ ಜಾಲ ಹಿಡಿಯದಿದ್ದರೆ, ನಮ್ಮ ಬೇಸ್ ಸ್ಟೇಷನ್ ಓಡುತ್ತಲೇ ಇಲ್ಲ ಎಂದು ನಾನು ಇನ್ನೂ ಒಂದು ವಾರ ಕೋಡ್ ಓದುತ್ತಿದ್ದೆನೋ ಏನೋ.

ಹೊಸ ಫೋನುಗಳು ಅಂಗಡಿಯಲ್ಲಿ ಸಿಗುತ್ತವೆ, ಹಳೆಯವು ಸಿಗುವುದಿಲ್ಲ. ನಿಮ್ಮ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಚಾರ್ಜರ್ ಇಲ್ಲದೆ ಬಿದ್ದಿರುವ ಬಟನ್ ಫೋನ್ ಇದ್ದರೆ, ಒಳಗಿನ ನಂಬರು, ಫೋಟೋ ಅಳಿಸಿ, ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಅದೊಂದನ್ನು ಕಿತ್ತಿಟ್ಟು ಕೊಡಿ.